ಇಯರ್‌ಬಡ್ಡಿಗೆ ಬೆಳ್ಳುಳ್ಳಿ ಎಣ್ಣೆ

ನನ್ನ ಮೇಜಿನ ಮೇಲೆ ಪೆನ್ನುಗಳ ಡಬ್ಬಿಯಲ್ಲಿ ಒಂದು ಹಲ್ಲುಜ್ಜುವ ಬ್ರಷ್ಷಿದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಹಲ್ಲು ನೋಡುತ್ತಾರೆ. ಚಿಕ್ಕ ಮಕ್ಕಳ ಮೆತ್ತನೆಯ ಬ್ರಷ್ಷು, ಹಿಡಿಯ ಮೇಲೆ ಆನೆಯ ಚಿತ್ರ. ನಮ್ಮ ಮನೆಯಲ್ಲಿ ಆ ವಯಸ್ಸಿನ ಮಕ್ಕಳಿಲ್ಲ. ಅದು ಇಯರ್‌ಬಡ್ ತಿಕ್ಕುವ ಬ್ರಷ್ಷು ಎಂದರೆ ಅವರ ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಬೇಕಾದರೆ ಕಮಲಾಪುರದವರೆಗೆ ಹೋಗಿ ಬರಬೇಕು. ನೀವು ಹೇಗೂ ಬಿಡುವಾಗಿ ಕೂತಿದ್ದೀರಿ, ಹೋಗಿ ಬರೋಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಗ ಗಾಬರಿಯಾಗುವವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ನಿಜ, ಆದರೆ ಪ್ರಯೋಗಾಲಯದಲ್ಲಿ ಹಲ್ಲಿ ಕಂಡರೆ ಮಕ್ಕಳಿಗಿಂತ ಮೊದಲು ಬಾಗಿಲ ಹೊರಗಿರುವವಳು ನಾನೇ. ಕುಕ್ಕರ್ ಸೀಟಿ ಹೊಡೆದರೂ ನನ್ನ ಬಲಗೈ ಎದೆಯ ಮೇಲೆ ಹೋಗಿ ಕೂರುತ್ತದೆ. ಆ ಕೈಗೆ ಬೇರೆ ಕೆಲಸವೇ ಇಲ್ಲ ಎಂದು ನಮ್ಮವರು ನಗುತ್ತಾರೆ. ಆದ್ದರಿಂದ ಈ ಕಥೆಯಲ್ಲಿ ನಾನು ಬೆಚ್ಚಿಬಿದ್ದೆ ಅಂದಾಗಲೆಲ್ಲ ಅದರಲ್ಲಿ ಅರ್ಧ ಕಳೆದು ಓದಿಕೊಳ್ಳಿ. ಕೊನೆಯ ಒಂದೆರಡನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳಿ.

ಅವ್ವ ನಮ್ಮ ಜೊತೆಗೆ ಕಲಬುರಗಿಯಲ್ಲಿ, ಸೇಡಂ ರಸ್ತೆಯ ಮನೆಯಲ್ಲಿ ಇರುತ್ತಾಳೆ. ಅವಳ ಬಲಗಿವಿ ಬಹಳ ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಸಂಸಾರವನ್ನೆಲ್ಲ ಎಡಗಿವಿಯೇ ನಡೆಸುತ್ತಿತ್ತು, ಅದಕ್ಕೂ ಈಚೆಗೆ ಆಯಾಸ. ಕಿವಿಗೆ ಮಿಷನ್ ಹಾಕಿಸೋಣ ಎಂದರೆ ಒಪ್ಪಲಿಲ್ಲ. "ಮಿಷನ್ ಹಚ್ಕೊಂಡ್ ಅಡ್ಡಾಡಿದ್ರ ಮಂದಿ ನನ್ನ ಮುಂದ ಕೈ ಬಾಯಿ ತಿರುವಿ ಮಾತಾಡ್ತಾರ. ಬ್ಯಾಡ," ಎಂದಳು. ಒಂದು ದಿನ ನಾನು ವಾಕಿಂಗಿಗೆ ಹೊರಟಾಗ ನನ್ನ ಕಿವಿಯಲ್ಲಿದ್ದ ಇಯರ್‌ಬಡ್ ನೋಡಿ, "ಅದನ್ನ ನನಗ ಹಚ್ಚು, ನೋಡೂಣು," ಎಂದಳು. ಹಚ್ಚಿದೆ. ಅವಳ ಮುಖ ಅರಳಿತು. ಕಾಲೇಜಿಗೆ ಹೋಗುವ ಹುಡುಗಿಯರೆಲ್ಲ ಹಾಕಿಕೊಳ್ಳುವ ವಸ್ತು, ಅದನ್ನು ಹಾಕಿಕೊಂಡವರನ್ನು ಯಾರೂ ಕಿವುಡಿ ಅನ್ನುವುದಿಲ್ಲ. ನಾನು ಹೊಸ ಜೋಡಿ ಕೊಂಡೆ, ಹಳೆಯದು ಅವ್ವನದಾಯಿತು. ಅದರಲ್ಲೂ ಅವಳಿಗೆ ಬೇಕಾದದ್ದು ಎಡಗಡೆಯದು ಒಂದೇ. ಬಲಗಡೆಯದು ಅತಿಥಿಗಳಿಗೆಂದು ಎತ್ತಿಟ್ಟ ತಾಟಿನ ಹಾಗೆ ಡಬ್ಬಿಯಲ್ಲೇ ಮಲಗಿರುತ್ತಿತ್ತು.

ಅವಳಿಗೆ ಅದು ಬೇಕಾದದ್ದು ಒಂದೇ ಕಾರಣಕ್ಕೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಕಮಲಾಪುರದಿಂದ ದೊಡ್ಡವ್ವನ ಫೋನು ಬರುತ್ತದೆ. ದೊಡ್ಡವ್ವ ಎಂದರೆ ಅವ್ವನ ಅಕ್ಕ, ಮಗ ಮಲ್ಲಿನಾಥನ ಜೊತೆ ಬಾಳೆತೋಟದ ಮಗ್ಗುಲಿನ ಮನೆಯಲ್ಲಿರುವವಳು. ಅಕ್ಕ ತಂಗಿ ಮಾತಾಡಿ ಮುಗಿಸಿದ ಮೇಲೆ ಇಲ್ಲಿ ಅವ್ವ ತಾಟಿನ ಮುಂದೆ ಕೂರುತ್ತಾಳೆ, ಅಲ್ಲಿ ದೊಡ್ಡವ್ವ ಕೂರುತ್ತಾಳೆ. ಫೋನು ತಪ್ಪಿದ ದಿನ ಇಬ್ಬರಿಗೂ ಅನ್ನ ಸೇರುವುದಿಲ್ಲ. ಹಾಗೆ ತಪ್ಪಿದಾಗ ಮಲ್ಲಿನಾಥ ನನ್ನ ಸ್ಟಾಫ್ ರೂಮಿಗೇ ಫೋನು ಮಾಡಿ, "ಅಕ್ಕಾ, ಅವ್ವ ರೊಟ್ಟಿ ಮುರಿವಲ್ಳು. ಚಿಗವ್ವಗ ಏನಾಗ್ಯಾದ ನೋಡ್ರಿ," ಎನ್ನುತ್ತಾನೆ. ನಾನು ಆ ಹೊತ್ತಿಗೆ ಶಾಲೆಯಲ್ಲಿರುವುದರಿಂದ ಅವರ ಮಾತು ಕೇಳಿದ್ದು ಕಡಿಮೆ. ಭಾನುವಾರ ಕೇಳಿದರೂ ಅವ್ವನ ಕಡೆಯ ಮಾತಷ್ಟೇ ನನಗೆ ಸಿಗುತ್ತಿತ್ತು.

ಒಂದು ಬೆಳಿಗ್ಗೆ ಅವ್ವ ಬಡ್ಡನ್ನು ತಂದು ನನ್ನ ಅಂಗೈಯಲ್ಲಿಟ್ಟಳು. "ಅಕ್ಕನ ದನಿ ಬಾವ್ಯಾಗಿಂದ ಬಂದಂಗ ಬರಾಕತ್ತದ. ಇದಕ್ಕೇನಾಗ್ಯಾದ ನೋಡು ಸುಮಾ."

ತುದಿಯ ರಬ್ಬರು ಬಿಚ್ಚಿ ನೋಡಿದೆ, ಕೈ ಎದೆಗೆ ಹೋಯಿತು. ಒಳಗೆ ಸಣ್ಣ ಜಾಲರಿ ಇರಬೇಕು, ಅದು ಕಾಣಲೇ ಇಲ್ಲ. ಹಳೇ ಬೆಲ್ಲದ ಬಣ್ಣದ ಪದರವೊಂದು ಅದರ ಮೇಲೆ ಕೂತಿತ್ತು. ಛೀ ಅವ್ವಾ, ಎಂದುಕೊಂಡು ನನ್ನ ಹೊಸ ಜೋಡಿ ಎಷ್ಟು ಚೊಕ್ಕವಾಗಿದೆ ಎಂದು ಸಮಾಧಾನ ಪಡಲು ಅದರ ರಬ್ಬರನ್ನೂ ಬಿಚ್ಚಿದೆ. ನನ್ನದರ ಎದುರು ಅವ್ವನದು ಬೆಳ್ಳಿ ಬಟ್ಟಲು. ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಕಿವಿಯ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಭಾಗಗಳನ್ನು ಗುರುತಿಸುವ ಹೆಂಗಸು ನಾನು. ಆ ಚಿತ್ರದಲ್ಲಿ ಈ ಬೆಲ್ಲವನ್ನು ಒಮ್ಮೆಯೂ ತೋರಿಸಿರಲಿಲ್ಲ.

ಕಿವಿಯ ಕೊಳೆ ನನಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಮಲಾಪುರದಿಂದ ಕಲಬುರಗಿಗೆ ಬಂದಾಗ ಬಸ್‌ಸ್ಟ್ಯಾಂಡ್ ಹತ್ತಿರ ಕಿವಿ ತೆಗೆಯುವವನೊಬ್ಬ ಕೂತಿರುತ್ತಿದ್ದ. ಅಪ್ಪನ ಕಿವಿಗೆ ಸಣ್ಣ ಕಡ್ಡಿ ಹಾಕಿ ತಿರುವಿ, ಏನನ್ನೋ ತೆಗೆದು ತನ್ನ ಮುಂಗೈ ಮೇಲಿಟ್ಟು ತೋರಿಸಿದ. ಅದು ಅಪ್ಪನ ಕಿವಿಗಿಂತ ದೊಡ್ಡದಿತ್ತು. ನಾನು ಹೌಹಾರಿ, ಅಪ್ಪನ ತಲೆಯಲ್ಲಿ ಇನ್ನೇನೇನಿದೆಯೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕಿವಿಯನ್ನೇ ನೋಡುತ್ತ ಬಂದೆ. ಆ ಪುಣ್ಯಾತ್ಮ ಅದನ್ನು ಮೊದಲೇ ಬೆರಳ ಸಂದಿಯಲ್ಲಿ ಇಟ್ಟುಕೊಂಡಿದ್ದ ಎಂದು ಹೊಳೆಯಲು ನಾನು ಬಿ.ಎಸ್ಸಿ. ಮುಗಿಸಬೇಕಾಯಿತು.

ಆದರೆ ನಮ್ಮ ಕಿವಿಗಳ ನಿಜವಾದ ಒಡತಿ ದೊಡ್ಡವ್ವ. ಭಾನುವಾರ ಬಂತೆಂದರೆ ಓಣಿಯ ಮಕ್ಕಳೆಲ್ಲ ಅವಳ ಕಟ್ಟೆಯ ಮುಂದೆ ಸಾಲು. ಕಬ್ಬಿಣದ ಸೌಟಿನಲ್ಲಿ ಕುಸುಬಿ ಎಣ್ಣೆ ಹಾಕಿ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಅಜವಾನ ಬಿಟ್ಟು ಕಾಯಿಸುತ್ತಿದ್ದಳು. ಆರಲು ಬಿಟ್ಟು, ಒಂದು ಹನಿಯನ್ನು ತನ್ನ ಮುಂಗೈಗೆ ಹಚ್ಚಿ ನೋಡಿ, ನಮ್ಮ ತಲೆಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ ಕಿವಿಗೆ ಬಿಡುತ್ತಿದ್ದಳು. ಗುಳುಗುಳು ಎಂದು ಎಣ್ಣೆ ಒಳಗಿಳಿಯುವಾಗ ಲೋಕದ ಸದ್ದೆಲ್ಲ ದೂರ ಹೋಗಿ ಅವಳ ಹೊಟ್ಟೆಯೊಳಗಿನ ಸದ್ದು ಮಾತ್ರ ಕೇಳುತ್ತಿತ್ತು. ಮೇಲೆ ಅರಳೆಯ ಬಿರಡೆ. ಮಾರನೇ ದಿನ ನಮ್ಮ ತರಗತಿಯ ತುಂಬ ಉಪ್ಪಿನಕಾಯಿ ಭರಣಿ ತೆರೆದಿಟ್ಟ ವಾಸನೆ. ಮೇಷ್ಟ್ರು ಬೈದರೆ ಅರ್ಧ ತರಗತಿಗೆ ಕೇಳಿಸುತ್ತಿರಲಿಲ್ಲ, ಆ ಸುಖ ಬೇರೆ.

ಇರಲಿ, ಬಡ್ಡಿಗೆ ಬರುತ್ತೇನೆ. ನಮ್ಮವರು ಸೂಜಿ ತಂದರು. ಪಕ್ಕದ ಮನೆಯವರು ಜೋರಾಗಿ ಊದಿ ನೋಡಿ ಎಂದರು. ನಾನು ಡಬ್ಬಿಯ ಜೊತೆ ಬಂದಿದ್ದ ಕಾಗದ ಹುಡುಕಿ, ಇರುವೆ ಸಾಲಿನಂತಹ ಅಕ್ಷರಗಳನ್ನು ಓದಿದೆ. ಸೂಜಿ ಚುಚ್ಚಿದರೆ ಜಾಲರಿ ಹರಿಯುತ್ತದೆ, ಊದಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ರಬ್ಬರು ತುದಿಗಳನ್ನು ಮಾತ್ರ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೇ ತಿರುಗಿ ಹಾಕಬೇಕು. ಮೈಯನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಜಾಲರಿಯನ್ನು ಒಣ, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಬೇಕು, ಅದೂ ಅದರ ಬಾಯಿ ನೆಲದ ಕಡೆಗಿರಬೇಕು, ಉದುರಿದ್ದು ಹೊರಗೆ ಬೀಳಲಿ ಎಂದು. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಎಲ್ಲಕ್ಕಿಂತ ಮೆತ್ತನೆಯ ಬ್ರಷ್ ಕೇಳಿದೆ. ಅಂಗಡಿಯವನು, "ಕೂಸು ಎಷ್ಟ್ ವರ್ಷದ್ದರೀ ಮೇಡಂ?" ಎಂದ. "ಎರಡು," ಎಂದೆ. ಬಡ್ಡಿಗೆ ಅಷ್ಟೇ ವಯಸ್ಸಾಗಿತ್ತು.

ತಿಕ್ಕಿದೆ, ಒರೆಸಿದೆ, ಜಾಲರಿ ಫಳಫಳ ಹೊಳೆಯಿತು. ಅವ್ವ ಹಾಕಿಕೊಂಡು, "ಪಾಡ ಅದ," ಎಂದು ಮೆಚ್ಚಿ ತಲೆಯಾಡಿಸಿದಳು. ಎರಡು ದಿನಕ್ಕೆ ಮತ್ತೆ ತಂದು ಅಂಗೈಯಲ್ಲಿಟ್ಟಳು. ಶಾಲೆಗೆ ಹೊತ್ತಾಗಿತ್ತು. "ಒಳಗ ಇನ್ನಾ ಮುಚ್ಚಿರಬೇಕವ್ವಾ. ಸಂಜಿಗಿ ಬಂದು ನೋಡ್ತೀನಿ. ಅಲ್ಲೀತನಾ ನೀರು ತಾಕಸಬ್ಯಾಡ," ಎಂದು ಓಡಿದೆ.

ಸಂಜೆ ಬಾಗಿಲು ತೆಗೆಯುತ್ತಲೇ ಭಾನುವಾರದ ವಾಸನೆ ಬಂತು. ಕಮಲಾಪುರದ ಕಟ್ಟೆಯ ಭಾನುವಾರ. ಒಳಗೆ ಮಂಚದ ಮೇಲೆ, ಮಡಚಿದ ಟವೆಲಿನ ಮೇಲೆ ಎಡಗಡೆಯ ಬಡ್ಡು ಒಂದು ಮಗ್ಗುಲಾಗಿ ಮಲಗಿತ್ತು. ಬಾಯಿಗೆ ಅರಳೆಯ ಬಿರಡೆ. ಪಕ್ಕದಲ್ಲಿ ಸೌಟು, ಸೌಟಿನಲ್ಲಿ ಬೆಳ್ಳುಳ್ಳಿ. ಅವ್ವ ಅದರ ಬೆನ್ನನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು.

"ಅವ್ವಾ, ಏನಿದು?" ಎಂದೆ.

"ನೀರು ತಾಕಸಬ್ಯಾಡ ಅಂದಿ. ತಾಕಸಿಲ್ಲ. ಎಣ್ಣಿ ಹಾಕೀನಿ," ಎಂದಳು. "ಮುಂಗೈ ಮ್ಯಾಲ ಹಚ್ಚಿ ನೋಡೇ ಹಾಕೀನಿ, ಅದಕ್ಕ ಸುಟ್ಟಿಲ್ಲ. ನಾಳಿ ಮುಂಜಾನೆ ಅರಳಿ ತಗದ್ರ ಎಲ್ಲಾ ಹೊರಗ ಬರ್ತದ."

ನಾನು ಮಂಚದ ತುದಿಯಲ್ಲಿ ಕೂತೆ. ಬಯ್ಯಬೇಕೆಂದರೆ ಅವಳ ಮುಖದಲ್ಲಿ ಹೆರಿಗೆ ಮಾಡಿಸಿ ಹೊರಬಂದವಳ ಹಾಗೆ ದಣಿವು, ತೃಪ್ತಿ.

ಪುಣ್ಯಕ್ಕೆ ಮೊದಲು ಅರಳೆ ತುರುಕಿ ಅದರ ಮೇಲೆ ಎಣ್ಣೆ ಬಿಟ್ಟಿದ್ದಳು, ಬಹಳಷ್ಟನ್ನು ಅರಳೆಯೇ ಕುಡಿದಿತ್ತು. ಮಾರನೇ ದಿನ ಸೂಪರ್ ಮಾರ್ಕೆಟ್‌ನ ಮೊಬೈಲ್ ಅಂಗಡಿಗೆ ಒಯ್ದೆ. ಅವನು ಹತ್ತಿರ ಹಿಡಿದು ನೋಡಿ, ಮೂಸಿ ನೋಡಿ, ನನ್ನನ್ನು ನೋಡಿದ. "ಮೇಡಂ, ಇದ್ರಾಗ ಚಟ್ನಿ ಬಿದ್ದದೇನ್ರಿ?"

"ಎಣ್ಣಿ."

"ಇದು ಖಾನೇಕಾ ಚೀಜ್ ಅಲ್ರೀ. ಛೋಡೋ, ಹೊಸಾದ್ ತಗೊಳ್ರಿ."

ನಾನು ತಗೊಳ್ಳಲಿಲ್ಲ. ಮನೆಗೆ ಬಂದು ಬಾಯಿ ಕೆಳಗೆ ಮಾಡಿ ಹಿಡಿದು, ಒಣ ಬಟ್ಟೆಯಿಂದ ಎಣ್ಣೆ ಹೀರಿಸಿ, ಆನೆಯ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ, ಮತ್ತೆ ಹೀರಿಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಬೋರಲು ಮಲಗಿಸಿದೆ. ನಮ್ಮವರು ಅಕ್ಕಿ ಡಬ್ಬಿ ತಂದು ಇದರಲ್ಲಿ ಹುದುಗಿಸು ಎಂದರು. ಅನ್ನದಲ್ಲಿ ಇಯರ್‌ಬಡ್ ಸಿಕ್ಕೀತು ಎಂದು ಅವರನ್ನು ಅಟ್ಟಿದೆ.

ಅದು ಒಣಗುವವರೆಗೆ ಅವ್ವನಿಗೆ ಫೋನಿನ ದನಿಯನ್ನು ಜೋರು ಮಾಡಿ ಕೊಟ್ಟೆವು. ಅವಳು ಒದರಿದ ರಭಸಕ್ಕೆ ನೆರೆಹೊರೆಗೆಲ್ಲ ದೊಡ್ಡವ್ವನ ಮೊಣಕಾಲಿನ ಸಮಾಚಾರ ಗೊತ್ತಾಯಿತು, ಅವ್ವನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಮರುದಿನದಿಂದ ಫೋನು ಬಂದರೂ ಎತ್ತಲಿಲ್ಲ. ಮಲ್ಲಿನಾಥ ಸ್ಟಾಫ್ ರೂಮಿಗೆ ಫೋನು ಮಾಡತೊಡಗಿದ. ದೊಡ್ಡವ್ವ ರೊಟ್ಟಿ ಮುರಿಯುತ್ತಿಲ್ಲ. ಇಲ್ಲಿ ಇವಳೂ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದಳು.

"ಕೇಳಸವಲ್ದು ಅಂತ ದೊಡ್ಡವ್ವಗ ಹೇಳಿಬಿಡೂಣು," ಎಂದು ಅವಳ ಮುಖದ ಎದುರು ನಿಂತು ಕೂಗಿದೆ.

ಅವ್ವ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ. ಗೊತ್ತಾದ್ರ ಆಕಿ ಫೋನ್ ಹಚ್ಚೂದ ಬಿಡ್ತಾಳ. ಕಿವುಡಿ ಕೂಡ ಯಾರು ಮಾತಾಡ್ತಾರ?"

ಅಲ್ಲಿಯವರೆಗೆ ನನಗೆ ಬಡ್ಡಿನ ಚಿಂತೆ ಇತ್ತು. ಆ ಮಾತು ಕೇಳಿದ ಮೇಲೆ ಅವ್ವನ ಚಿಂತೆ ಹತ್ತಿತು. ಇಷ್ಟು ದಿನ ಅವಳು ಹೆದರಿಕೊಂಡೇ ಫೋನು ಎತ್ತುತ್ತಿದ್ದಳು ಎಂದು ನೆನೆದು ಸಂಕಟವಾಯಿತು.

ಬಡ್ಡು ಒಣಗಿತು. ಮತ್ತೆ ಚೊಕ್ಕ ಮಾಡಿ, ನನ್ನ ಕಿವಿಗೆ ಇಟ್ಟು ಹಾಡು ಹಾಕಿದೆ. ಸ್ವಲ್ಪ ಒಗ್ಗರಣೆಯ ಘಾಟು ಬಿಟ್ಟರೆ ದನಿ ಗಂಟೆ ಬಾರಿಸಿದಂತಿತ್ತು. ಗೆದ್ದೆ ಎಂದು ಕುಣಿಯುತ್ತ ಹೋಗಿ ಅವ್ವನ ಎಡಗಿವಿಗೆ ಇಟ್ಟೆ. ಅವ್ವ ಕಾದಳು. ನಾನೂ ಕಾದೆ.

"ಹಚ್ಚು ಮತ್ತ," ಎಂದಳು.

ಹಾಡು ಆಗಲೇ ನಡೆದಿತ್ತು. ಈ ಸಲ ನನ್ನ ಕೈ ಎದೆಗೆ ಹೋಗಲಿಲ್ಲ, ಇದ್ದಲ್ಲೇ ತಣ್ಣಗಾಯಿತು. ಮುಚ್ಚಿದ್ದು ಬಡ್ಡಲ್ಲ, ಅವಳಿಗೆ ಉಳಿದಿದ್ದ ಒಂದೇ ಕಿವಿ.

ಸೇಡಂ ರಸ್ತೆಯಲ್ಲೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು ಬಗ್ಗಿ ನೋಡಿ, ನಿಂತು, ಮತ್ತೆ ಬಗ್ಗಿದರು. "ಅಮ್ಮಾರ, ಒಳಗ ಏನ್ ಇಟ್ಟೀರಿ?" ಎಂದರು. ಅವ್ವ ಮೇಲಿನ ಫ್ಯಾನ್ ನೋಡತೊಡಗಿದಳು. ಮೊದಲು ಅರಳೆ ಬಂತು. ಅರಳೆಯ ಹಿಂದೆ ಬೆಳ್ಳುಳ್ಳಿಯ ಎಸಳು ಬಂತು. ತಟ್ಟೆಯಲ್ಲಿ ಅದನ್ನು ಕಂಡು ಡಾಕ್ಟರೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅದಕ್ಕ ಹಾಕೂ ಮುಂದ ನಾನೂ ಹಾಕ್ಕೊಂಡ್ನಿ," ಎಂದಳು ಅವ್ವ, ಫ್ಯಾನಿಗೆ. "ಯಾವದಕ್ಕರ ಹತ್ಲಿ ಅಂತ."

ಬೆಳ್ಳುಳ್ಳಿಯ ಹಿಂದೆ ವರ್ಷಗಟ್ಟಲೆ ಕೂಡಿದ ಗುಗ್ಗೆ ಕಲ್ಲಾಗಿ ಕೂತಿತ್ತು. ಡಾಕ್ಟರು ತಾಳ್ಮೆಯಿಂದ ತೆಗೆದರು. ವಯಸ್ಸಿಗೆ ತಕ್ಕಂತೆ ಕಿವಿ ಸ್ವಲ್ಪ ಮಂದವಾಗಿದೆ, ಆದರೆ ಮುಖ್ಯ ತೊಂದರೆ ಇದೇ ಆಗಿತ್ತು ಎಂದರು. ಎಣ್ಣೆ, ಕಡ್ಡಿ, ಪಿನ್ನು, ಏನನ್ನೂ ಇನ್ನು ಒಳಗೆ ಹಾಕಬಾರದು ಎಂದು ಅವ್ವನಿಗೆ ಹೇಳುತ್ತ ನನ್ನನ್ನು ನೋಡಿದರು. ನಾನು ವಿಜ್ಞಾನದ ಟೀಚರು ಎಂದು ಬರುವಾಗಲೇ ಹೇಳಿಕೊಂಡು ತಪ್ಪು ಮಾಡಿದ್ದೆ.

ಹೊರಗೆ ಬಂದ ಅವ್ವ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಆಟೋಗಳು, ಬಸ್ಸು, ಹಣ್ಣಿನವನ ಕೂಗು. "ಇವ್ರೆಲ್ಲಾ ಇಷ್ಟ್ ದಿನ ಸುಮ್ನ ಹೋಗ್ತಿದ್ರಲ್ಲ," ಎಂದಳು. ಮನೆಗೆ ಬಂದು ಒಂದು ತಾಸು ಆಗಿರಲಿಲ್ಲ, ನನ್ನನ್ನು ಅಡುಗೆಮನೆಗೆ ಕರೆದು, "ಅಳಿಯಾ ಇಷ್ಟ್ ಮಾತಾಡ್ತಾನೇನು? ನಾ ಭಾಳ ಗಂಭೀರ ಮನಶ್ಯಾ ಅಂತ ತಿಳದಿದ್ನಿ," ಎಂದಳು.

ಮಾರನೇ ದಿನ ಶಾಲೆಗೆ ರಜೆ. ಮಧ್ಯಾಹ್ನ ಕಮಲಾಪುರದ ಫೋನು ಬಂತು. ಅವ್ವ ಸೆರಗು ಸರಿಮಾಡಿಕೊಂಡು, ಬಡ್ಡು ಹಾಕಿಕೊಂಡು, "ಅಕ್ಕಾ, ಊಟ ಆಯ್ತೇನ?" ಎಂದಳು. ಕೇಳಿಸಿಕೊಂಡಳು. ಹುಬ್ಬು ಗಂಟಾಯಿತು. ಡಬ್ಬಿಯಿಂದ ಬಲಗಡೆಯ ಬಡ್ಡು ತೆಗೆದು ನನ್ನ ಕೈಗೆ ಕೊಟ್ಟಳು. ಅತಿಥಿಯ ತಾಟು ಕೊನೆಗೂ ಹೊರಬಂತು.

"ಮಣಕಾಲು ಹಂಗ ಅದ," ಎನ್ನುತ್ತಿದ್ದಳು ದೊಡ್ಡವ್ವ.

"ಮಣಕಾಲಲ್ಲಕ್ಕಾ. ಊಟ ಆಯ್ತೇನ ಅಂದ್ನಿ."

"ಹೂಂ, ಮಲ್ಲಿ ನಿನ್ನೆ ಬಾಳಿಗೊನಿ ಇಳಿಸ್ಯಾನ. ಕಳಸ್ತೀನಿ."

ಅವ್ವ ನನ್ನನ್ನು ನೋಡಿದಳು. ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ, "ಅಕ್ಕಾ, ನಮ್ಮ ಮನಿಗಿ ಬೆಂಕಿ ಹತ್ಯಾದ," ಎಂದಳು.

"ಚಲೋ ಆಯ್ತು ಬಿಡು," ಎಂದಳು ದೊಡ್ಡವ್ವ ಅಕ್ಕರೆಯಿಂದ. "ಎಲ್ಲಾರೂ ಹುಶಾರಿರ್ರಿ."

ಫೋನು ಇಟ್ಟ ಅವ್ವ ಎರಡೂ ಬಡ್ಡುಗಳನ್ನು ಡಬ್ಬಿಗೆ ಹಾಕಿದಳು. ಆಮೇಲೆ ಅವಳೇ ಹೇಳಿದಳು. ಅಕ್ಕ ಏನೇನು ಕೇಳುತ್ತಾಳೆ ಎಂಬುದು ಅವಳಿಗೆ ಬಾಯಿಪಾಠ. ಊಟ, ಮೊಣಕಾಲು, ಅಳಿಯ, ತೋಟ. ಕೇಳಿಸದಿದ್ದರೂ ಅದೇ ಸಾಲಿನಲ್ಲಿ ಉತ್ತರ ಕೊಡುತ್ತ ಬಂದಿದ್ದಳು. ಅಕ್ಕನೂ ಅತ್ತಕಡೆ ಅದನ್ನೇ ಮಾಡುತ್ತಿದ್ದಾಳೆ ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ನಿಮ್ಮಪ್ಪ ಹೋದ ಮ್ಯಾಲ ಒಂದಿನ ಫೋನಿನ್ಯಾಗ ಆಕಿ ಮುಂದ ಎಲ್ಲಾ ಹೇಳ್ಕೊಂಡ್ ಅತ್ತಿದ್ನಿ," ಎಂದಳು. "ಸಮಾಧಾನ ಮಾಡಿದ್ಳು ಅಂತ ತಿಳದಿದ್ನಿ. ಬಾಳಿಗೊನಿ ಸುದ್ದಿ ಹೇಳಿದ್ಳೋ ಏನೋ."

ಆ ಭಾನುವಾರ ಅವ್ವ ಹಟ ಹಿಡಿದು ಕಮಲಾಪುರಕ್ಕೆ ಹೊರಡಿಸಿದಳು. ಹುಮನಾಬಾದ್ ರಸ್ತೆಯ ಮಗ್ಗುಲಿಗೆ ಕೆಂಪು ಬಾಳೆಹಣ್ಣು ತೂಗುಹಾಕಿದ ಅಂಗಡಿಗಳು ಬಂದಾಗ ಎಂದಿನಂತೆ ಕೊಳ್ಳಲು ನಿಲ್ಲಿಸಲೂ ಬಿಡಲಿಲ್ಲ. ಮಲ್ಲಿನಾಥ ತೋಟದ ದಾರಿಯಲ್ಲೇ ಎದುರಾದ. ನಾನು ಅವನನ್ನು ಪಕ್ಕಕ್ಕೆ ಕರೆದು, ದೊಡ್ಡವ್ವನಿಗೆ ಕಿವಿ ಕೇಳಿಸುವುದಿಲ್ಲ, ಗೊತ್ತಿದೆಯೇ ಎಂದೆ.

ಅವನು ನೆಲ ನೋಡಿದ. "ಗೊತ್ತದರೀ ಅಕ್ಕಾ. ಚಿಗವ್ವಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾಳ. ಗೊತ್ತಾದ್ರ ಆಕಿ ಫೋನ್ ಎತ್ತೂದ ಬಿಡ್ತಾಳ ಅಂತಾಳ."

ನಾನು ಬಾಳೆಯ ಗಿಡ ಹಿಡಿದು ನಿಂತೆ. ಇಬ್ಬರು ಅಕ್ಕ ತಂಗಿಯರು ಒಂದೇ ಹೆದರಿಕೆಯನ್ನು ಒಬ್ಬರಿಗೊಬ್ಬರು ಹೇಳದೆ ಬಚ್ಚಿಟ್ಟುಕೊಂಡು, ಕೇಳದ ಮಾತಿಗೆ ದಿನಾ ಉತ್ತರ ಕೊಟ್ಟು, ಆಮೇಲೆ ಸಂತೋಷದಿಂದ ಊಟಕ್ಕೆ ಕೂತಿದ್ದರು.

ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳು. ನಾನು ಕೂಗಿ ಡಾಕ್ಟರ ಮಾತು ಎತ್ತಿದ್ದೇ ತಡ, ಕೈ ಬೀಸಿ ಹಾರಿಸಿಬಿಟ್ಟಳು. ಅವ್ವ ಅವಳ ಪಕ್ಕ ಕೂತು, ತನ್ನ ತೊಡೆ ತಟ್ಟಿ ಸನ್ನೆ ಮಾಡಿ, "ಇವತ್ತ್ ನೀ ಮಲಕೋ ಅಕ್ಕಾ," ಎಂದಳು. ಊರ ಕಿವಿಗಳಿಗೆಲ್ಲ ಎಣ್ಣೆ ಬಿಟ್ಟವಳ ತಲೆ ಇನ್ನೊಬ್ಬರ ತೊಡೆಯ ಮೇಲೆ ಇದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಣ್ಣೆ ಬರುತ್ತದೆ ಎಂದು ದೊಡ್ಡವ್ವ ಕಣ್ಣು ಮುಚ್ಚಿದಳು. ನಾನು ರಬ್ಬರು ತುದಿಯನ್ನು ತೊಳೆದು, ಒರೆಸಿ ಒಣಗಿಸಿ, ಜಾಲರಿಗೆ ಆನೆಯ ಬ್ರಷ್ ಆಡಿಸಿ ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ಅಕ್ಕನ ಕಿವಿಗೆ ಮೆಲ್ಲಗೆ ಕೂಡಿಸಿದಳು. "ಇದೇನು, ಓಲಿಯೇನು?" ಎಂದು ದೊಡ್ಡವ್ವ ಎದ್ದು ಕೂತು ತಡವಿಕೊಂಡಳು.

ಅವ್ವ ತನ್ನ ಫೋನನ್ನು ಅಕ್ಕನ ಉಡಿಯಲ್ಲಿಟ್ಟಳು, ನನ್ನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಕಿಟಕಿಯಲ್ಲಿ ಬಾಳೆಗಿಡಗಳ ನಡುವೆ ನಿಂತದ್ದು ಕಾಣುತ್ತಿತ್ತು. ಫೋನು ಬಂತು, ನಾನು ದನಿಯನ್ನು ಪೂರ್ತಿ ಏರಿಸಿ ಎತ್ತಿದೆ. ಹಿತ್ತಲಿನಿಂದ ಅವ್ವ, ಇಷ್ಟು ವರ್ಷದ ರೂಢಿಯಂತೆ, ಹೊಲದಾಚೆಗೆ ಕೇಳುವ ಹಾಗೆ ಕೂಗಿದಳು. "ಅಕ್ಕಾ, ಊಟ ಆಯ್ತೇನ?"

ದೊಡ್ಡವ್ವ ಬೆಚ್ಚಿದಳು. ಬಡ್ಡನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದಳು. ತಿರುಗಿ ಕಿವಿಗೆ ಇಟ್ಟುಕೊಂಡಳು. ದನಿ ದೊಡ್ಡಕ್ಕನದೇ.

"ನೀಲಾ, ಯಾಕ್ ಹಂಗ ಒದರಾಕತ್ತೀ? ನಾ ಏನ್ ಕಿವುಡಿ ಅದೀನೇನು?"

ಹಿತ್ತಲಲ್ಲಿ ಅವ್ವನ ಬಾಯಿ ಮುಚ್ಚಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಳೆಗಿಡಕ್ಕೆ ಒರಗಿ, ಮೆಲ್ಲಗೆ ಮಾತಾಡತೊಡಗಿದಳು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ದೊಡ್ಡವ್ವ ಕೇಳಿಸಿಕೊಂಡಳು.

"ಇಲ್ಲವ್ವಾ, ಇನ್ನಾ ಉಂಡಿಲ್ಲ. ನೀ ಬಾ, ಕೂಡೇ ಉಣ್ಣೂಣು," ಎಂದಳು. ಆಮೇಲೆ ನನ್ನ ಕಡೆ ತಿರುಗಿ ನೋಡಿ, "ಸುಮಾ ಏನು? ಇಲ್ಲೇ ಕುಂತಾಳ. ಎದಿ ಮ್ಯಾಲ ಕೈ ಇಟ್ಕೊಂಡ್, ಬಾಯಿ ತಕ್ಕೊಂಡ್ ನನ್ನೇ ನೋಡಾಕತ್ತಾಳ," ಎಂದಳು.